ರೂಫಸನಿಗೆ ಗಂಟುಬಿದ್ದ ಬಿಲ್ಲು

ರೂಫಸ್ ಡ್ರೈವಾಟರ್ ಹೇಳಿದ ಸುಳ್ಳು ನಿಜಕ್ಕೂ ಬಹಳ ಚಿಕ್ಕದು. ಹೋದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅತ್ತೆ ಓಪಲ್ ಬೇರ್‌ಪಾ ಯಾವತ್ತಿನಂತೆ “ಆ ಬಿಲ್ಲು ಎಲ್ಲಿಗೆ ಬಂತು?” ಎಂದು ಕೇಳಿದಳು. ಯಾವತ್ತಿನಂತೆ “ಇನ್ನೇನು, ಆಗ್ತಾ ಬಂತು ಅತ್ತೆ” ಎನ್ನಬೇಕಾಗಿದ್ದವನು ಬಾಯಿ ಜಾರಿ “ಆಯ್ತು ಅತ್ತೆ” ಎಂದುಬಿಟ್ಟ. ಆ ‘ಆಗ್ತಾ ಬಂತು’ ಎಂಬುದು ಅವನನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿತ್ತು. ‘ಆಯ್ತು’ ಎಂಬುದು ಒಂದು ವಾರವೂ ಕಾಪಾಡಲಿಲ್ಲ.

ಶನಿವಾರ ಬೆಳಗ್ಗೆ, ಇನ್ನೂ ಕಾಫಿ ಕುದಿಯುತ್ತಿರುವಾಗಲೇ ಫೋನು ಬಂತು.

“ರೂಫಸ್, ಎದ್ದಿದೀಯಾ? ನಮ್ಮ ತಂಡದ ಲೆಮ್ ಕೈ ಉಳುಕಿಸ್ಕೊಂಡಿದಾನೆ. ಕೋಳಿ ಹಿಡಿಯೋಕೆ ಹೋಗಿ ಬೇಲಿ ಮೇಲಿಂದ ಬಿದ್ನಂತೆ, ದಡ್ಡ ನನ್ಮಗ. ಮಧ್ಯಾಹ್ನ ಪಂದ್ಯಕ್ಕೆ ಅವನ ಜಾಗದಲ್ಲಿ ನೀನು ಬಾಣ ಹೊಡೀತೀಯ.”

“ನಾನಾ? ಅತ್ತೆ, ನಾನು ಬಾಣ ಹೆಕ್ಕೋನು...”

“ಬಿಲ್ಲು ಆಗಿದೆ ಅಂದ್ಯಲ್ಲ. ತಗೊಂಡ್ ಬಾ.” ಫೋನು ಇಟ್ಟ ಸದ್ದಾಯಿತು.

ಮುಸುಕಿನ ಜೋಳದ ದಂಟಿನ ಮೆದೆಗೆ ದೂರದಿಂದ ಬಾಣ ಹೊಡೆಯುವ ಈ ಪಂದ್ಯ ಓಕ್ಲಹೋಮಾದ ಚೆರೋಕೀ ಹಳ್ಳಿಗಳಲ್ಲಿ ಪ್ರತಿ ಬೇಸಿಗೆಯ ಕೊನೆಗೂ ನಡೆಯುತ್ತದೆ. ಬಾಣ ಎಷ್ಟು ದಂಟು ತೂರಿಕೊಂಡು ಹೋಯಿತೋ ಅಷ್ಟು ಲೆಕ್ಕ. ಬಿಲ್ಲು ಮಾತ್ರ ಬೊಡಾರ್ಕ್ ಎಂಬ ಗಟ್ಟಿ ಮರದ್ದೇ ಆಗಿರಬೇಕು, ಅವರವರ ಮನೆಯಲ್ಲೇ ಕೆತ್ತಿದ್ದಾಗಿರಬೇಕು. ಅಂಗಡಿಯ ಬಿಲ್ಲು ಹಿಡಿದು ಬಂದವನನ್ನು ಈರುಳ್ಳಿ ಹೆಚ್ಚಲು ಕಳಿಸುತ್ತಾರೆ. ಬೇರ್‌ಪಾ ಮನೆತನದವರು ಈ ಆಟದಲ್ಲಿ ಹೊಳೆಯಾಚೆಯವರಿಗೆ ಯಾವತ್ತೂ ಸುಲಭಕ್ಕೆ ಸೋತವರಲ್ಲ. ಆ ಮನೆಯ ಅಳಿಯ ರೂಫಸ್ ಮಾತ್ರ ಮದುವೆಯಾದಾಗಿನಿಂದ ಮೈದಾನದ ಆ ತುದಿಯಲ್ಲಿ ನಿಂತು, ದಾರಿತಪ್ಪಿದ ಬಾಣಗಳನ್ನು ಹುಲ್ಲಿನಲ್ಲಿ ಹುಡುಕಿ ತರುವ ಕೆಲಸ ಮಾಡಿಕೊಂಡಿದ್ದ. ಉಳಿದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ. ಎರಡೂ ಕೆಲಸದಲ್ಲಿ ಅವನ ಮೇಲೆ ದೂರಿರಲಿಲ್ಲ.

ರೂಫಸ್ ಅಡುಗೆಮನೆಗೆ ಹೋದ. ಹೆಂಡತಿ ಡೆಲ್ಲಾ ಪಂದ್ಯದ ಊಟಕ್ಕೆಂದು ಹಂಡೆಯಂಥ ಪಾತ್ರೆಯಲ್ಲಿ ಹಂದಿಮೂಳೆ ಹಾಕಿ ಬೀನ್ಸ್ ಕಾಳು ಬೇಯಿಸುತ್ತಿದ್ದಳು.

“ಡೆಲ್ಲಾ, ಒಂದು ವಿಷಯ.”

“ಬಿಲ್ಲು ಆಗಿಲ್ಲ.”

“ನಿಂಗೆ ಹೇಗೆ ಗೊತ್ತು?”

“ಕೊಟ್ಟಿಗೆ ಗುಡ್ಸೋಳು ನಾನು. ಅಮ್ಮನಿಗೆ ಫೋನ್ ಮಾಡಿ ನಿಜ ಹೇಳ್ಬಿಡು.”

“ಹೇಳ್ತೀನಿ. ಬಿಲ್ಲು ಮಾಡಿ ಮುಗಿಸ್ಬಿಟ್ಟು ಹೇಳ್ತೀನಿ.”

ಕೊಟ್ಟಿಗೆಯ ತೊಲೆಗೆ ಕಟ್ಟಿದ್ದ, ಬಿಲ್ಲಾಗಬೇಕಿದ್ದ ದಬ್ಬೆಯನ್ನು ಅವನು ಕೆಳಗಿಳಿಸಿದ. ಅದೇನು ದಾರಿಯಲ್ಲಿ ಸಿಕ್ಕಿದ ಕಟ್ಟಿಗೆಯಲ್ಲ. ತೀರಿಹೋದ ಮಾವ ಎಫ್ರೇಮ್ ಬೇರ್‌ಪಾ ಕೊನೆಯ ಸಲ ಕೊಡಲಿ ಎತ್ತಿ ಸೀಳಿದ ಮರದ್ದು. ಮನೆಯ ಉಳಿದ ಗಂಡಸರು ನೆಟ್ಟಗಿದ್ದ ದಬ್ಬೆಗಳನ್ನೆಲ್ಲ ಆರಿಸಿಕೊಂಡ ಮೇಲೆ ಯಾರಿಗೂ ಬೇಡವಾಗಿ ಉಳಿದದ್ದು ಅಳಿಯನ ಪಾಲಿಗೆ ಬಂದಿತ್ತು. ಹಿಡಿಯ ಸ್ವಲ್ಪ ಮೇಲೆ ಎತ್ತಿನ ಕಣ್ಣಿನಷ್ಟು ದೊಡ್ಡ ಗಂಟು. ಕೆಳಗಿನ ಅರ್ಧಕ್ಕೆ ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ಗಂಟುಗಳು. ಮೇಲಿನ ಅರ್ಧವಂತೂ ಕುಡಿದು ಮನೆಗೆ ಹೊರಟ ಹಾವಿನ ಹಾಗೆ ಒಂದು ಕಡೆಗೆ ವಾಲಿಕೊಂಡಿತ್ತು. ರೂಫಸ್ ಅದರ ಬಿಳಿ ಹೊರಪದರ ತೆಗೆದು, ಒಳಗಿನ ಹಳದಿ ಮರ ವರ್ಷಕ್ಕೊಂದರಂತೆ ಸುತ್ತಿಕೊಂಡ ಬಳೆಗಳಲ್ಲಿ ಒಂದನ್ನೇ ಹಿಡಿದುಕೊಂಡು ಕೆಳಗಿನಿಂದ ಹೆರೆಯುತ್ತ ಬಂದು, ದೊಡ್ಡ ಗಂಟಿನ ಹತ್ತಿರ ನಿಂತುಬಿಟ್ಟಿದ್ದ. ಆ ಒಂದು ಬಳೆ ಎಲ್ಲಾದರೂ ಕಡಿದುಹೋದರೆ ಬಿಲ್ಲು ಅಲ್ಲೇ ಮುರಿಯುತ್ತದೆ. ಮುರಿದರೆ, ಮಾವನ ಕೊನೆಯ ದಬ್ಬೆ ಮುರಿದವನೆಂದು ಹೆಸರಾಗುತ್ತದೆ. ಗಂಟಿನ ಹತ್ತಿರ ಬಂದಾಗಲೆಲ್ಲ ಅವನು ಕತ್ತಿ ಕೆಳಗಿಟ್ಟು ಕಾಫಿ ಕುಡಿಯಲು ಹೋಗುತ್ತಿದ್ದ. ಹೀಗೆ ಆ ಗಂಟು ಬಹಳ ಕಾಫಿ ಕುಡಿಸಿತ್ತು.

ಇವತ್ತು ಕಾಫಿಗೆ ಹೊತ್ತಿರಲಿಲ್ಲ. ದಬ್ಬೆಯನ್ನು ಅಂಗಳದ ಬೆಂಚಿಗೆ ಬಿಗಿದು, ಎರಡು ಹಿಡಿಯ ಹೆರೆಗತ್ತಿಯನ್ನು ಎಳೆದ. ಅದರ ಕರಕರ ಸದ್ದು ಬೇಲಿಯಾಚೆ ಕೇಳಿತು. ಮರ ಕೆತ್ತುವ ಸದ್ದು ಕೇಳಿ ಸುಮ್ಮನೆ ಮನೆಯಲ್ಲಿ ಕೂರುವ ಗಂಡಸು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಬಲಗಡೆ ಮನೆಯ ಎನೋಸ್ ಸೋಪ್ ಕಾಫಿ ಲೋಟದ ಸಮೇತ ಬಂದ. ಎಡಗಡೆ ಮನೆಯ ಲೂಥರ್ ಪಂಪ್ಕಿನ್ ಲೋಟವಿಲ್ಲದೆ ಬಂದು, ಡೆಲ್ಲಾಳ ಕೈಯಿಂದ ಒಂದು ತುಂಬಿಸಿಕೊಂಡ. ಎನೋಸ್ ಕೆಲಸ ಬಿಟ್ಟು ಮನೆಯಲ್ಲಿದ್ದ ಬಡಗಿ. ಲೂಥರ್ ಚರ್ಚಿನಲ್ಲಿ ಕಾಣಿಕೆತಟ್ಟೆ ಹಿಡಿಯುವ ಹಿರಿಯ. ಐವತ್ತು ವರ್ಷಗಳ ಸ್ನೇಹದಲ್ಲಿ ಅವರಿಬ್ಬರೂ ಒಂದು ಮಾತಿಗೂ ಒಪ್ಪಿಕೊಂಡವರಲ್ಲ.

“ಗಂಟನ್ನ ಮುಟ್ಬೇಡ,” ಎಂದ ಎನೋಸ್. “ಅದರ ಸುತ್ತ ಒಂದಿಷ್ಟು ದಪ್ಪ ಬಿಟ್ಬಿಡು. ಹೊಳೇಲಿ ಬಂಡೆ ಇದ್ರೆ ನೀರು ಏನ್ಮಾಡತ್ತೆ? ಬಳಸ್ಕೊಂಡು ಹೋಗತ್ತೆ. ಹಾಗೆ.”

“ಕೊರೆದು ತೆಗಿ,” ಎಂದ ಲೂಥರ್. “ಕೆಟ್ಟ ಹಲ್ಲನ್ನ ಬಾಯಲ್ಲಿ ಇಟ್ಕೊಂಡು ಯಾರಾದ್ರೂ ಬಳಸ್ಕೊಂಡು ತಿಂತಾರಾ? ಕಿತ್ತು, ಅಂಟು ತುಂಬಿ, ಮೇಲೆ ದಾರ ಸುತ್ತು.”

“ನೀನು ಹಾಗೇ ಮಾಡಿದ ಬಿಲ್ಲು ಏನಾಯ್ತು ಹೇಳೋ.”

“ಅದು ಮುರಿದಿದ್ದು ಬೇರೆ ಕಾರಣಕ್ಕೆ.”

“ಏನು ಕಾರಣ?”

“ಎಳೆದೆ, ಅದಕ್ಕೆ.”

ರೂಫಸ್ ಎನೋಸನ ಮಾತು ಕೇಳಿದ. ಗಂಟಿನ ಹತ್ತಿರ ಕತ್ತಿ ಬಿಟ್ಟು ಅರ ಹಿಡಿದ. ಉಸಿರು ಬಿಗಿಹಿಡಿದು, ಮಲಗಿದ ಮಗುವಿನ ಕೂದಲು ಬಾಚುವವನಂತೆ ಅರ ಆಡಿಸಿದ. ಬಳೆಯ ಗೆರೆ ಗಂಟಿನ ಹತ್ತಿರ ಮೇಲಕ್ಕೇರಿ, ಒಂದು ಸುತ್ತು ಹಾಕಿ, ಆಚೆ ಕಡೆ ಇಳಿಯಿತು. ಅವನ ಅರವೂ ಏರಿತು, ಸುತ್ತಿತು, ಇಳಿಯಿತು. ಗೆರೆ ಎಲ್ಲೂ ತುಂಡಾಗಲಿಲ್ಲ. ವರ್ಷಗಟ್ಟಲೆ ಹೆದರಿಸಿದ ಗಂಟು ಈಗ ಬಿಲ್ಲಿನ ಮೈಮೇಲೆ ಒಂದು ಪುಟ್ಟ ದಿಬ್ಬವಾಗಿ ಸುಮ್ಮನೆ ಕೂತಿತ್ತು. ರೂಫಸನಿಗೆ ಕಣ್ಣು ಒದ್ದೆಯಾಯಿತು. ಅವನು ಮರದ ಪುಡಿ ಬಿತ್ತೆಂದು ಹೇಳಿಕೊಂಡ.

“ಗಂಟೇನೋ ಆಯ್ತು,” ಎಂದ ಲೂಥರ್, ದಬ್ಬೆಯ ತುದಿಗೆ ಕಣ್ಣಿಟ್ಟು ನೋಡುತ್ತ. “ಈ ಮೇಲಿನ ಸೊಟ್ಟಕ್ಕೇನ್ ಮಾಡ್ತೀಯ? ಹೆದೆ ಕಟ್ಟಿದ್ರೆ ಹಿಡಿ ಮೇಲೆ ಬರಲ್ಲ, ಪಕ್ಕದ ಮನೇಲಿ ಇರತ್ತೆ.”

“ಆವಿ ಕೊಡ್ಬೇಕು,” ಎಂದ ಎನೋಸ್. ಬೆಂಕಿ ಹಚ್ಚಿ, ನೀರಿಟ್ಟು, ಕುದಿಸುವಷ್ಟು ಹೊತ್ತಿಲ್ಲ ಎಂದು ಅವನೂ ಬಲ್ಲ. ಮೂವರ ಮೂಗೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿತು.

“ನನ್ನ ಕಾಳಿನ ಪಾತ್ರೆ ಹತ್ತಿರ ಆ ಕಟ್ಟಿಗೆ ತಂದ್ರೆ ನೋಡು!” ಎಂದು ಡೆಲ್ಲಾ ಕಿಟಕಿಯಿಂದಲೇ ಕೂಗಿದಳು.

ಅವಳು ಜೋಳದ ಬ್ರೆಡ್ಡಿಗೆ ಮೊಟ್ಟೆ ತರಲು ಹಿತ್ತಲಿಗೆ ಹೋಗುವುದನ್ನೇ ಕಾದಿದ್ದು, ಮೂವರೂ ದಬ್ಬೆ ಹೊತ್ತು ಒಳಗೆ ನುಗ್ಗಿದರು. ಮುಚ್ಚಳ ಸರಿಸಿ ಸೊಟ್ಟ ಭಾಗವನ್ನು ಆವಿಗೆ ಹಿಡಿದರು. ಆವಿ ಸಾಲದೆಂದು ಲೂಥರ್ ಸ್ವಲ್ಪ ಕೆಳಕ್ಕೆ ಒತ್ತಿದ. ಸುಟ್ಟೀತೆಂದು ಎನೋಸ್ ಮೇಲಕ್ಕೆ ಎಳೆದ. ನಡುವೆ ಹಿಡಿದಿದ್ದ ರೂಫಸನ ಕೈ ಜಾರಿ, ದಬ್ಬೆಯ ತುದಿ ಬುಳುಕ್ಕನೆ ಕಾಳಿನೊಳಗೆ ಮುಳುಗಿತು. ಹೊರಗೆ ತೆಗೆಯುವಷ್ಟರಲ್ಲಿ ಬೊಡಾರ್ಕ್ ಮರ ತನ್ನ ಗುಣ ತೋರಿಸಿತ್ತು. ಆ ಮರದಿಂದ ಹಿಂದಿನವರು ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಪಾತ್ರೆಯ ಕಾಳು ಮದುವೆಯ ಅರಿಶಿನದ ನೀರಿನಂತೆ ಹಳದಿಯಾಗಿತ್ತು.

“ಮುಚ್ಚಳ ಮುಚ್ಚು,” ಎಂದ ಲೂಥರ್, ಮೆಲ್ಲಗೆ. ಅದೊಂದು ಮಾತಿಗೆ ಎನೋಸ್ ಒಪ್ಪಿದ.

ಬಿಸಿ ದಬ್ಬೆಯನ್ನು ಬೆಂಚಿನ ಮೇಲಿಟ್ಟು ಕ್ಲಾಂಪ್ ಹಾಕಿದರು. ಎನೋಸ್ ತಿರುಪು ಬಿಗಿದು, ಸೊಟ್ಟವನ್ನು ಸರಿಯಾಗಿ ನೆಟ್ಟಗೆ ಮಾಡಿ, “ಇಷ್ಟೇ. ಇನ್ನು ಯಾರೂ ಮುಟ್ಬೇಡಿ” ಎಂದು ಹೇಳಿ ಮೂತ್ರಕ್ಕೆ ಹೋದ. ಅಷ್ಟರಲ್ಲಿ ಅಡುಗೆಮನೆಯಿಂದ “ರೂಫಸ್!” ಎಂಬ ಚೀತ್ಕಾರ ಕೇಳಿಬಂತು. ರೂಫಸ್ ಒಳಗೆ ಓಡಿದ. ಬೆಂಚಿನ ಹತ್ತಿರ ಒಬ್ಬನೇ ಉಳಿದ ಲೂಥರ್, ಎನೋಸ್ ಯಾವತ್ತೂ ಯಾವುದನ್ನೂ ಪೂರ್ತಿ ಬಿಗಿದವನಲ್ಲ ಎಂದುಕೊಂಡು, ಎರಡು ಸುತ್ತು ಹೆಚ್ಚಿಗೆ ತಿರುಗಿಸಿದ.

ಒಳಗೆ ಡೆಲ್ಲಾ ಸೌಟು ಹಿಡಿದು ನಿಂತಿದ್ದಳು. “ಅರವತ್ತು ಜನಕ್ಕೆ ಊಟ! ಇದನ್ನ ಏನಂತ ಬಡಿಸ್ಲಿ?”

“ಅರೆದ ಹಳದಿ ಸಾಸಿವೆ ಹಾಕಿದೀನಿ ಅನ್ನು.”

“ಸುಳ್ಳು ನಿಮ್ಮ ಮನೆತನಕ್ಕೇ ಬಂದಿದೆ ಅಂದ್ಕೊಂಡಿದ್ದೆ. ಈಗ ನಂಗೂ ಹತ್ತಿಸ್ತಿದೀಯ,” ಎಂದಳು. ಆದರೂ ಸಾಸಿವೆಯ ಡಬ್ಬಿ ಹುಡುಕತೊಡಗಿದಳು.

ಕ್ಲಾಂಪ್ ಬಿಚ್ಚಿದಾಗ, ಬಲಕ್ಕೆ ವಾಲುತ್ತಿದ್ದ ದಬ್ಬೆ ಈಗ ಎಡಕ್ಕೆ ವಾಲುತ್ತಿತ್ತು. ಎನೋಸ್ ಲೂಥರನನ್ನು ನೋಡಿದ. ಲೂಥರ್ ಆಕಾಶ ನೋಡಿದ. ಮತ್ತೆ ಆವಿ ಕೊಡಲು ಹೊತ್ತಿರಲಿಲ್ಲ, ಡೆಲ್ಲಾ ಅಡುಗೆಮನೆಯ ಬಾಗಿಲಿಗೆ ಚಿಲಕ ಬೇರೆ ಹಾಕಿಕೊಂಡಿದ್ದಳು. ರೂಫಸ್ ಹಾಗೆಯೇ ತುದಿಗಳಿಗೆ ಕಚ್ಚು ಕೊರೆದು, ಹೆದೆ ಕಟ್ಟಿ, ಎಳೆದು ನೋಡಿದ, ಕೆರೆದ, ಮತ್ತೆ ಎಳೆದ. ಒಂದು ತೋಳು ಬೆಕ್ಕಿನ ಬೆನ್ನಿನಂತೆ ಬಾಗಿದರೆ ಇನ್ನೊಂದು ಹೊಸ ಸೊಸೆಯ ಎದುರಿಗಿನ ಅತ್ತೆಯಂತೆ ಬಾಗಲೊಲ್ಲದು. ಬಾಗದ ಕಡೆ ಕೆರೆದೂ ಕೆರೆದೂ ಅಂತೂ ಎರಡೂ ಒಂದು ರಾಜಿಗೆ ಬಂದವು. ಮುರಿಯಲಿಲ್ಲ. ಮುರಿಯದ ಬಿಲ್ಲು ಬಿಲ್ಲೇ.

ಮೈದಾನ ತಲುಪುವಾಗ ಹಂದಿಮೂಳೆಯ ವಾಸನೆ ಹೊಡೆಯುತ್ತಿದ್ದ ಆ ಬಿಲ್ಲಿನ ಹಿಂದೆ ಊರಿನ ನಾಲ್ಕೈದು ನಾಯಿಗಳು ಮೆರವಣಿಗೆ ಬಂದವು.

ಓಪಲ್ ಬೇರ್‌ಪಾ ಎಲ್ಲರಿಗಿಂತ ಮೊದಲೇ ಬಂದು, ಲೆಕ್ಕ ಚೆನ್ನಾಗಿ ಕಾಣಲೆಂದು ತನ್ನ ಕೆಂಪು ಗಾಡಿಯನ್ನು ದಂಟಿನ ಮೆದೆಯ ಬಲಕ್ಕೆ, ಮೂತಿ ಬಾಣ ಹೊಡೆಯುವವರ ಕಡೆ ಮಾಡಿ ನಿಲ್ಲಿಸಿದ್ದಳು. ಬೆಳಗ್ಗೆಯೇ ತೊಳೆದ ಗಾಡಿ ಮಿರಮಿರ ಮಿಂಚುತ್ತಿತ್ತು. ಅವಳ ಅಣ್ಣ ವಾಟ್ ಮಾಮ ತಂಡದ ಯಜಮಾನ. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚಾಡಿದರೆ ಗಂಟಲು ನೋಯುತ್ತದೆ ಎಂದು ನಂಬಿದವನು. ರೂಫಸನ ಬಿಲ್ಲನ್ನು ತಿರುಗಿಸಿ ನೋಡಿ, ಗಂಟಿನ ದಿಬ್ಬದ ಮೇಲೆ ಹೆಬ್ಬೆರಳಾಡಿಸಿ, “ಹೂಂ” ಎಂದ. ಆ ‘ಹೂಂ’ ಕೇಳಿ ರೂಫಸನ ಎದೆ ಸ್ವಲ್ಪ ಹಿಗ್ಗಿತು.

ಹಿಗ್ಗಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲ ಬಾಣ ಮೆದೆಯ ಎಡಕ್ಕೆ ದೂರ ಹೋಗಿ ಹುಲ್ಲಿನಲ್ಲಿ ಕಾಣೆಯಾಯಿತು. ಎರಡನೆಯದೂ ಅಣ್ಣನನ್ನು ಹುಡುಕುತ್ತ ಅಲ್ಲಿಗೇ ಹೋಯಿತು. ಬಾಣ ಹುಡುಕಲು ರೂಫಸನೇ ಓಡಿದ. ರೂಢಿ ನೋಡಿ.

“ಡ್ರೈವಾಟರ್, ಬಸ್ಸನ್ನೂ ಹೀಗೇ ಓಡಿಸ್ತೀಯೇನಯ್ಯ?” ಎಂದು ಹೊಳೆಯಾಚೆಯವರು ಕೂಗಿದರು.

ಓಪಲ್ ಮುಖ ತಿರುಗಿಸಿ ನೆರಳಿಗೆ ಹೋಗಿ ನಿಂತಳು. ಅದೇ ಹೆಚ್ಚು ನೋವಾಗುವಂತಿತ್ತು.

ವಾಟ್ ಮಾಮ ಹತ್ತಿರ ಬಂದ. “ಎಡಕ್ಕೆ ಹೊಡೀತದೆ. ಬಲಕ್ಕೆ ನೋಡು.”

“ಎಷ್ಟು ಬಲಕ್ಕೆ ಮಾಮ?”

“ಎಷ್ಟು ಬೇಕೋ ಅಷ್ಟು.” ಅವತ್ತಿನ ಮಾತು ಅಲ್ಲಿಗೆ ಮುಗಿಯುತ್ತ ಬಂದಿತ್ತು.

ರೂಫಸ್ ಬಲಕ್ಕೆ ನೋಡಿದ. ಅಲ್ಲಿ ಗುರಿ ಇಡಬಹುದಾದದ್ದು ಒಂದೇ ಒಂದು. ಅತ್ತೆಯ ಗಾಡಿ. ಅದರ ಮೂತಿಯ ನಟ್ಟನಡುವೆ ಹೊಳೆಯುವ ಜಾಲರಿಗೆ ನೆಟ್ಟಗೆ ಗುರಿಯಿಟ್ಟು, ಒಳಗೊಳಗೇ ಕ್ಷಮೆ ಕೇಳಿ, ಹೆದೆ ಬಿಟ್ಟ. ಬಾಣ ಗಾಡಿಯ ಕಡೆ ಹೊರಟು, ಯಾರೋ ಕಿವಿ ಹಿಡಿದು ಎಳೆದಂತೆ ಎಡಕ್ಕೆ ಸರಿದು, ದಂಟಿನ ಮೆದೆಗೆ ಚಕ್ಕನೆ ಹೊಕ್ಕಿತು.

“ಮೂರು ದಂಟು!” ಎಂದು ಲೆಕ್ಕದವನು ಕೂಗಿದ.

ಮೈದಾನದ ಅಂಚಿನ ನೆರಳಿನಿಂದ ಓಪಲ್ ದಡದಡನೆ ನಡೆದುಬಂದಳು. “ನನ್ನ ಗಾಡಿ ಕಡೆ ಬಾಣ ಹಿಡೀತಿದೀಯಾ ನೀನು?”

“ಅತ್ತೆ, ಕೋಪ ಮಾಡ್ಕೋಬೇಡಿ. ನಿಮ್ಮ ಗಾಡಿಗೆ ಗುರಿ ಇಟ್ರೇನೇ ಜೋಳಕ್ಕೆ ಬೀಳೋದು. ಜೋಳಕ್ಕೆ ಇಟ್ರೆ ಹುಲ್ಲಿಗೆ ಹೋಗತ್ತೆ.”

“ಹಾಗಾದ್ರೆ ಗಾಡಿ ತೆಗೀತೀನಿ.”

“ಅಯ್ಯೋ ತೆಗೀಬೇಡಿ! ಆಮೇಲೆ ನಾನು ಏನನ್ನ ನೋಡ್ಲಿ?”

ಓಪಲ್ ಕೀಲಿಕೈ ಹಿಡಿದು ನಿಂತಳು. ಅಣ್ಣನ ಕಡೆ ನೋಡಿದಳು. ವಾಟ್ ಮಾಮ ‘ಬೇಡ’ ಎಂಬಂತೆ ನಿಧಾನವಾಗಿ ತಲೆಯಾಡಿಸಿದ. ಅವಳು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, “ಎಫ್ರೇಮ್ ಇದ್ದಿದ್ರೆ ಇದೆಲ್ಲ ನೋಡಿ ನಗ್ತಿದ್ರು,” ಎಂದು ಗೊಣಗುತ್ತ ವಾಪಸ್ಸು ಹೋದಳು.

ಅಲ್ಲಿಂದ ಮುಂದೆ ರೂಫಸ್ ಡ್ರೈವಾಟರ್‌ನನ್ನು ಹಿಡಿಯುವವರಿರಲಿಲ್ಲ. ಜಾಲರಿಗೆ ಗುರಿ, ದಂಟಿಗೆ ಬಾಣ. ಜಾಲರಿಗೆ ಗುರಿ, ದಂಟಿಗೆ ಬಾಣ. ಹೊಳೆಯಾಚೆಯವರ ನಗು ನಿಂತಿತು. ಎನೋಸ್ ಮತ್ತು ಲೂಥರ್ ಅಕ್ಕಪಕ್ಕ ನಿಂತು, ಆ ಬಿಲ್ಲು ಮಾಡಿದ್ದು ತಾನೇ ಎಂದು ಇಬ್ಬರೂ ಬೇರೆ ಬೇರೆ ಜನಕ್ಕೆ ಹೇಳುತ್ತಿದ್ದರು. ಊಟಕ್ಕೆ ಬಿಡುವು ಕೊಡುವ ಹೊತ್ತಿಗೆ ಎರಡು ಕಡೆಯದೂ ಸಮಸಮ.

ಊಟಕ್ಕೆ ಹುರಿದ ಹಂದಿಮಾಂಸ, ಜೋಳದ ಬ್ರೆಡ್ಡು, ಕಾಡುದ್ರಾಕ್ಷಿ ಕಡುಬು, ಅರಿಶಿನ ಬಣ್ಣದ ಕಾಳು. ಜನ ಮೊದಲು ಕಾಳನ್ನು ನೋಡಿದರು, ಆಮೇಲೆ ಡೆಲ್ಲಾಳನ್ನು ನೋಡಿದರು, ಆಮೇಲೆ ಎರಡನೆಯ ಸಲ ಹಾಕಿಸಿಕೊಂಡರು. ಹೊಳೆಯಾಚೆಯ ಹೆಂಗಸೊಬ್ಬಳು ಇದಕ್ಕೇನು ಹಾಕಿದ್ದೀಯ ಎಂದು ಕೇಳಿದ್ದಕ್ಕೆ ಡೆಲ್ಲಾ, “ನಮ್ಮಜ್ಜಿ ಹೇಳ್ಕೊಟ್ಟಿದ್ದು, ಹೊರಗಡೆಯವರಿಗೆ ಹೇಳೋ ಹಾಗಿಲ್ಲ” ಎಂದಳು.

ರೂಫಸ್ ಹೆದೆ ಬಿಚ್ಚಿರಲಿಲ್ಲ. ಬಿಚ್ಚಿದರೆ ಮತ್ತೆ ಕಟ್ಟಲಾದೀತೋ ಇಲ್ಲವೋ ಎಂಬ ಭಯ. ಬಿಲ್ಲನ್ನು ಮೇಜಿಗೆ ಒರಗಿಸಿ ಅವನು ಊಟಕ್ಕೆ ಕೂತಾಗ, ಕಾದಿದ್ದ ನಾಯಿಗಳು ಬಂದು ಅದರ ಮೇಲ್ತುದಿಯನ್ನು ನೆಕ್ಕತೊಡಗಿದವು. ಓಪಲ್ ಚಪ್ಪಾಳೆ ತಟ್ಟಿ ಅವನ್ನು ಅಟ್ಟಿದಳು. ಬಿಲ್ಲನ್ನು ಎತ್ತಿಕೊಂಡು ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯಿಂದ ಒರೆಸಿದಳು.

“ಇದನ್ನ ಸೀಳಿದ ದಿನ ಇನ್ನೊಂದು ತುದಿ ಹಿಡ್ಕೊಂಡಿದ್ದೋಳು ನಾನೇ,” ಎಂದಳು, ಅವನ ಮುಖ ನೋಡದೆ. “ಇದರಲ್ಲಿ ಬಿಲ್ಲಿಲ್ಲ, ಬೇಲಿಗೂಟಕ್ಕಾಗತ್ತೆ ಬಿಡಿ ಅಂದಿದ್ದೆ. ಇದೆ ಕಣೇ, ತಾಳ್ಮೆ ಇರೋನು ಬರ್ಬೇಕು ಅಂದಿದ್ರು ಅವರು.”

ರೂಫಸ್ ಕಡುಬಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ಅತ್ತೆ, ಒಂದು ಮಾತು. ಹೋದ ಭಾನುವಾರ ನಾನು ಬಿಲ್ಲು ಆಯ್ತು ಅಂದಿದ್ದು...”

“ಸುಳ್ಳು. ಗೊತ್ತು. ಅದಕ್ಕೇ ಫೋನ್ ಮಾಡಿದ್ದು. ಇಲ್ದಿದ್ರೆ ನೀನು ಮುಗಿಸ್ತಿದ್ಯಾ?” ಓಪಲ್ ಬಿಲ್ಲಿಗೆ ಸರಿಯಾದ ಜಾಗಕ್ಕಾಗಿ ಸುತ್ತ ನೋಡಿದಳು. “ಇಲ್ಲಿಟ್ರೆ ಯಾರಾದ್ರೂ ತುಳೀತಾರೆ.” ಹಾಗೆಂದವಳೇ ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ನಾಯಿಗಳಿಗೂ ಎಟುಕದಂತೆ, ತನ್ನ ಗಾಡಿಯ ಬಾನೆಟ್ಟಿನ ಮೇಲೆ ಜೋಪಾನವಾಗಿ ಮಲಗಿಸಿ ಬಂದಳು. ಆ ಹೊತ್ತಿನ ಬಿಸಿಲಿಗೆ ಬಾನೆಟ್ಟಿನ ಮೇಲೆ ಮೊಟ್ಟೆ ಒಡೆದಿದ್ದರೆ ಬೇಯುತ್ತಿತ್ತು. ರೂಫಸನಿಗೆ ಅದಾವುದೂ ಹೊಳೆಯಲಿಲ್ಲ. ಅತ್ತೆ ಅಳಿಯನ ವಸ್ತುವೊಂದನ್ನು ಜೋಪಾನ ಮಾಡಿದ್ದನ್ನು ಅವನು ಮೊದಲ ಸಲ ನೋಡುತ್ತಿದ್ದ. ಅವನು ಇನ್ನೊಂದು ಕಡುಬು ಹಾಕಿಸಿಕೊಂಡ.

ಊಟವಾದ ಮೇಲೆ ಮತ್ತೆ ಆಟ ಕೂಡಿತು. ಒಬ್ಬೊಬ್ಬರಿಗೆ ಒಂದೊಂದೇ ಬಾಣ. ಎಲ್ಲರದೂ ಮುಗಿದು ರೂಫಸನದೊಂದು ಉಳಿದಾಗ ಬೇರ್‌ಪಾ ಕಡೆಗೆ ಗೆಲ್ಲಲು ಬೇಕಾಗಿದ್ದದ್ದು ಎರಡೇ ಎರಡು ದಂಟು. ಓಪಲ್ ತಾನೇ ಹೋಗಿ ಬಾನೆಟ್ಟಿನ ಮೇಲಿಂದ ಬಿಲ್ಲು ತಂದು ಕೊಟ್ಟಳು. ಮುಟ್ಟಿದರೆ ಆಗಷ್ಟೇ ಕಾವಲಿಯಿಂದ ತೆಗೆದ ರೊಟ್ಟಿಯಂತೆ ಬಿಸಿ.

“ಎಲ್ಲಿಗೆ ಗುರಿ?” ಎಂದು ಕೇಳಿದಳು.

“ನಿಮ್ಮ ಗಾಡಿಗೇ ಅತ್ತೆ. ಜಾಲರಿ ನಡುಮಧ್ಯಕ್ಕೆ.”

“ಸರಿಯಾಗಿ ಇಡು. ಕೈ ನಡುಗಬಾರ್ದು.”

ರೂಫಸ್ ಹೆದೆಯನ್ನು ಕೆನ್ನೆಯವರೆಗೆ ಎಳೆದ. ಗಂಟಿನ ಹತ್ತಿರ ಒಂದು ಚಿಟಿಕೆಯಷ್ಟೂ ಸದ್ದಾಗಲಿಲ್ಲ. ಅಷ್ಟು ವರ್ಷದಲ್ಲಿ ಅವನ ಕೈ ಇಷ್ಟು ಗಟ್ಟಿಯಾಗಿ ನಿಂತದ್ದಿಲ್ಲ. ಜಾಲರಿಯ ನಡುಮಧ್ಯವನ್ನು ಕಣ್ಣಿನಲ್ಲಿ ಕಟ್ಟಿಕೊಂಡು, ಬಿಟ್ಟ.

ಬಾಣ ಹೊರಟಿತು. ಎಡಕ್ಕೆ ಸರಿಯುತ್ತದೆಂದು ಎಲ್ಲರೂ ಕತ್ತನ್ನು ಎಡಕ್ಕೆ ವಾಲಿಸಿ ಕಾದರು. ಬಾಣ ವಾಲಲಿಲ್ಲ. ದಾರ ಹಿಡಿದಂತೆ ನೆಟ್ಟಗೆ ಹೋಗಿ ‘ಠಣ್’ ಎಂದು ಜಾಲರಿ ತೂರಿಕೊಂಡು ಒಳಗೆ ನಾಟಿತು. ಒಂದು ಕ್ಷಣದ ಮೇಲೆ ಗಾಡಿ ಉದ್ದಕ್ಕೆ ನಿಟ್ಟುಸಿರುಬಿಟ್ಟಿತು. ಅದರ ಮೂತಿಯಿಂದ ರೇಡಿಯೇಟರಿನ ಹಸಿರು ನೀರು ದಳದಳನೆ ಸುರಿಯತೊಡಗಿತು.

ಲೆಕ್ಕದವನು ಹುಲ್ಲಿನ ಮೇಲೆ ಕೂತುಬಿಟ್ಟ. ನಾಯಿಗಳು ಕೂಡ ಕೂತುಬಿಟ್ಟವು. ಗುರಿ ತಪ್ಪಿತು ಎನ್ನೋಣವೆಂದರೆ ತಪ್ಪಿರಲಿಲ್ಲ. ಎಲ್ಲಿಗೆ ಇಟ್ಟಿದ್ದನೋ ಅಲ್ಲಿಗೇ, ಕೂದಲೆಳೆಯಷ್ಟೂ ಆಚೀಚೆಯಾಗದೆ ಬಿದ್ದಿತ್ತು. ಕೇಳಿದವರಿಗೆ ಬಾಯಿಬಿಟ್ಟು ಹೇಳಿಯೂ ಇದ್ದ.

ವಾಟ್ ಮಾಮ ಬಂದು ರೂಫಸನ ಕೈಯಿಂದ ಬಿಲ್ಲು ತೆಗೆದುಕೊಂಡ. ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿದ. ಹೆದೆ ಹಿಡಿಯ ನಟ್ಟನಡುವೆ, ನಡುಬೈತಲೆಯಂತೆ ಬಂದು ನಿಂತಿತ್ತು.

“ಬಗ್ಗಿಸಿದ್ ಮೇಲೆ ಒಂದು ವಾರ ಬಿಡ್ಬೇಕು. ಇಲ್ಲಾಂದ್ರೆ ಕಾವು ತಾಗಿದ್ ಕೂಡ್ಲೇ ತನ್ನ ಪಾಡಿಗೆ ತಿರುಗ್ಕೊಳ್ತದೆ,” ಎಂದ. ಅವನ ಜೀವಮಾನದ ಅತಿ ಉದ್ದದ ಭಾಷಣ ಅದು. ಕೊನೆಗೆ ಗಾಡಿಯ ಕಡೆ ನೋಡಿ, “ಈಗ ನೆಟ್ಟಗಾಗಿದೆ,” ಎಂದು ಸೇರಿಸಿದ.

“ನೆಟ್ಟಗಾಗಿದೆ ಅಂತ ನಂಗೂ ಕಾಣ್ತಿದೆ,” ಎಂದಳು ಓಪಲ್.

“ಎರಡು ಸುತ್ತು ಹೆಚ್ಚಿಗೆ ಬಿಗಿದಿದ್ದು ನಾನಲ್ಲ,” ಎಂದ ಲೂಥರ್, ಯಾರೂ ಕೇಳದೆಯೇ.

ಹೊಳೆಯಾಚೆಯವರು ಗೆದ್ದ ಸಂಭ್ರಮವನ್ನು ಬೇಗ ಮುಗಿಸಿ, ಹೋಗುವಾಗ ಒಬ್ಬೊಬ್ಬರಾಗಿ ಬಂದು ರೂಫಸನ ಬಿಲ್ಲನ್ನು ನೋಡಿ, ಆ ಗಂಟಿನ ಸುತ್ತಿನ ಕೆಲಸಕ್ಕೆ ತಲೆದೂಗಿ, ಗಾಡಿಗೆ ದೂರದಿಂದಲೇ ಕೈಮುಗಿದು ಹೋದರು.

ಕೆಂಪು ಗಾಡಿ ಅಲ್ಲೇ ಉಳಿಯಿತು. ಓಪಲ್ ಮಗಳನ್ನು ಹಿಂದೆ ಖಾಲಿ ಪಾತ್ರೆಗಳ ನಡುವೆ ಕೂರಿಸಿ, ತಾನು ರೂಫಸನ ಹಳೆಯ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಹೆದೆ ಬಿಚ್ಚಿದ ಬಿಲ್ಲನ್ನು ಹಿಂದೆ ಇಡುತ್ತೇನೆಂದರೆ ಕೊಡಲಿಲ್ಲ. ಯಾರಾದರೂ ತುಳಿಯುತ್ತಾರೆಂದು ತನ್ನ ತೊಡೆಯ ಮೇಲೆ ಅಡ್ಡವಾಗಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದುಕೊಂಡಳು. ಅರ್ಧ ಬಿಲ್ಲು ಕಿಟಕಿಯ ಹೊರಗೆ ಹೋಯಿತು, ಇನ್ನರ್ಧ ಕಾರಿನೊಳಗೆ ಉಳಿಯಿತು.

“ಗಾಡಿ ರಿಪೇರಿ ಆಗೋವರೆಗೂ ನೀನೇ ಕರ್ಕೊಂಡ್ ಹೋಗ್ಬೇಕು,” ಎಂದಳು. “ನಾಳೆ ಚರ್ಚು. ಸೋಮವಾರ ಡಾಕ್ಟರು. ಮಂಗಳವಾರ ತಂಗಿ ಮನೆ, ಅದು ತಾಲೆಕ್ವಾ ಪೇಟೆ ಆಚೆ. ಬುಧವಾರ...”

“ಆಗ್ಲಿ ಅತ್ತೆ.”

“ಮೆಲ್ಲಗೆ ಓಡ್ಸು. ಬಿಲ್ಲಿಗೆ ಪೆಟ್ಟಾಗತ್ತೆ.”

ರೂಫಸ್ ಮೆಲ್ಲಗೇ ಓಡಿಸಿದ. ಆದರೆ ಆ ದಾರಿಯ ತುಂಬ ಗುಂಡಿಗಳು. ಒಂದೊಂದು ಗುಂಡಿಗೂ ಕಾರು ಎಗರುತ್ತಿತ್ತು, ಅತ್ತೆ ಬಿಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು, ಅದರ ಒಳಗಿನ ತುದಿ ಮೇಲೆದ್ದು ನೆಟ್ಟಗೆ ಬಂದು ಅಳಿಯನ ಕಿವಿಗೆ ತಿವಿಯುತ್ತಿತ್ತು. ಮನೆ ತಲುಪುವವರೆಗೆ ಒಂದು ಸಲವೂ ಗುರಿ ತಪ್ಪಲಿಲ್ಲ.